ಕಡತ, ಪಹಣಿ, ಮೊಬೈಲು: ಅಳಿಸುವ ಅಧಿಕಾರದ ಚರಿತ್ರೆ

ಕಂಪನಿಯು ನೌಕರರಿಗೆ ಕೊಟ್ಟ ಮೊಬೈಲಿನಲ್ಲಿರುವುದನ್ನೆಲ್ಲ ಕಚೇರಿಯಲ್ಲಿ ಕೂತಲ್ಲಿಂದಲೇ ಅಳಿಸಿಹಾಕುವ ಏರ್ಪಾಡಿಗೆ ರಿಮೋಟ್ ವೈಪ್ ಎನ್ನುತ್ತಾರೆ. ಫೋನು ಕಳೆದಾಗ, ಕಳುವಾದಾಗ ಅದರೊಳಗಿನ ಇಮೇಲು, ಗ್ರಾಹಕರ ವಿವರ, ಪಾಸ್‌ವರ್ಡುಗಳು ಪರರ ಪಾಲಾಗದಿರಲಿ ಎಂದು ಹುಟ್ಟಿದ ವ್ಯವಸ್ಥೆ ಇದು. ಕಂಪನಿಯ ಐ.ಟಿ. ವಿಭಾಗದವರ ಬಳಿ ಎಂಡಿಎಂ ಎಂದು ಕರೆಯುವ ತಂತ್ರಾಂಶವಿರುತ್ತದೆ. ಅದರ ಪಟ್ಟಿಯಲ್ಲಿ ಒಂದೊಂದು ಫೋನಿಗೆ ಒಂದೊಂದು ಸಾಲು. ಸಾಲನ್ನು ಆರಿಸಿ ‘ವೈಪ್’ ಒತ್ತಿದರೆ ಆಜ್ಞೆ ಸರ್ವರಿಗೆ ಹೋಗಿ, ಅಲ್ಲಿಂದ ಫೋನಿಗೆ ಇಳಿಯುತ್ತದೆ. ಸಾಲು ತಪ್ಪಿದರೆ ಕಳ್ಳನ ಕೈಯಲ್ಲಿರುವ ಫೋನಿನ ಬದಲು ಕೆಲಸದಲ್ಲಿರುವವರ ಫೋನು ಬರಿದಾಗುತ್ತದೆ.

ಒತ್ತಿದ ಆಜ್ಞೆ ಆ ಕ್ಷಣವೇ ತಲುಪಬೇಕೆಂದಿಲ್ಲ. ಫೋನು ನೆಟ್‌ವರ್ಕಿಗೆ ಸಿಗುವವರೆಗೆ ಅದು ಸರ್ವರಿನಲ್ಲೇ ಕಾಯುತ್ತದೆ. ತರೀಕೆರೆ ಸೀಮೆಯ ಲಕ್ಕವಳ್ಳಿಯಿಂದ ಭದ್ರಾ ಹಿನ್ನೀರಿನ ಕಾಡಿಗೆ ಹೊಕ್ಕವರ ಫೋನಿಗೆ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಬೆಂಗಳೂರಿನಲ್ಲಿ ಬೆಳಗ್ಗೆ ಒತ್ತಿದ ಆಜ್ಞೆ, ಆ ಫೋನು ಸಂಜೆ ತರೀಕೆರೆ ಬಸ್ ನಿಲ್ದಾಣಕ್ಕೆ ಬಂದು ಸಿಗ್ನಲ್ ಹಿಡಿದಾಗ ಇಳಿಯಬಹುದು. ಈ ನಡುವಿನ ಹೊತ್ತಿನಲ್ಲಿ ತಪ್ಪು ಗೊತ್ತಾದರೆ ಆಜ್ಞೆಯನ್ನು ಹಿಂತೆಗೆದುಕೊಳ್ಳಲು ಕೆಲವು ವ್ಯವಸ್ಥೆಗಳಲ್ಲಿ ಅವಕಾಶವಿದೆ. ಆಜ್ಞೆ ಫೋನನ್ನು ಮುಟ್ಟಿದ ಮೇಲೆ ಅಂಥ ಅವಕಾಶ ಯಾವುದರಲ್ಲೂ ಇಲ್ಲ. ಆಕಸ್ಮಿಕ ವೈಪ್ ತಡೆಯುವ ಕೆಲಸದ ಚರಿತ್ರೆಯೆಂದರೆ ಬಹುಮಟ್ಟಿಗೆ ಇಂಥ ನಡುವಿನ ಹೊತ್ತನ್ನು ಕಳೆದುಕೊಂಡು, ಮತ್ತೆ ಬೇರೆ ದಾರಿಯಲ್ಲಿ ಕಟ್ಟಿಕೊಂಡ ಚರಿತ್ರೆ.

ದಾಖಲೆ ಅಳಿಯದಂತೆ ಕಾಯುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಹಳೆಯ ಕಡೂರು (ಇಂದಿನ ಚಿಕ್ಕಮಗಳೂರು) ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟದಲ್ಲಿ ಪ್ರಕಟಿಸಿದ್ದು 1901ರಲ್ಲಿ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯದ ದೊಡ್ಡ ಶಾಸನ ಕವಿ ಜನ್ನನ ರಚನೆಯೆಂದು ಪ್ರಸಿದ್ಧ. ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಶಾಪಾಶಯ ಬರುತ್ತದೆ: ದತ್ತಿಯನ್ನು ಕೆಡಿಸಿದವರಿಗೆ ಗೋಹತ್ಯೆಯ ಪಾಪ, ನರಕ, ಹುಳುವಾಗಿ ಹುಟ್ಟುವ ಗತಿ. ಕಲ್ಲನ್ನು ಅಳಿಸಬೇಕಾದರೆ ಉಳಿ ಹಿಡಿದು ಊರ ಮುಂದೆ ನಿಲ್ಲಬೇಕಿತ್ತು. ಕೈತಪ್ಪಿನಿಂದ ಕಲ್ಲು ಬರಿದಾಗುವ ಭಯ ಇರಲಿಲ್ಲವಾದ್ದರಿಂದ ಶಾಪವೆಲ್ಲ ಬೇಕೆಂದೇ ಕೆಡಿಸುವವರಿಗೆ ಮೀಸಲಾಗಿತ್ತು.

ಕೈತಪ್ಪಿನ ಪ್ರಶ್ನೆ ಹುಟ್ಟಿದ್ದು ಕಡತದೊಂದಿಗೆ. ಇಂದು ಕಚೇರಿಯ ಫೈಲಿಗೆ ಕಡತ ಎಂಬ ಮಾತು ನಿಂತುಬಿಟ್ಟಿದೆ. ಮೂಲದಲ್ಲಿ ಅದು ಬಟ್ಟೆ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿಯನ್ನು ಎರಡೂ ಮಗ್ಗುಲಲ್ಲಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ತುದಿಗಳಿಗೆ ಹಲಗೆ ಕೊಟ್ಟರೆ ಕಡತವಾಯಿತು. ಆ ಕಪ್ಪು ನೆಲದ ಮೇಲೆ ಬಳಪದಿಂದ ಬರೆಯುತ್ತಿದ್ದರು. 1810ರಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ: ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಬರೆದದ್ದನ್ನು ಒರೆಸಬಹುದು, ಅದರ ಮೇಲೇ ಹೊಸದಾಗಿ ಬರೆಯಬಹುದು. ವರ್ತಕರು ಲೆಕ್ಕಕ್ಕೆ, ಶಾನುಭೋಗರು ಊರಿನ ಹಿಡುವಳಿ ಮತ್ತು ಕಂದಾಯಕ್ಕೆ ಇದನ್ನೇ ಬಳಸಿದರು. ಅಳಿಸಿ ಮತ್ತೆ ಬಳಸುವ ಕಚೇರಿ ಸಾಧನ ಎಂಬ ಮಾತಿಗೆ ಈ ಸೀಮೆಯಲ್ಲಿ ಸಿಗುವ ಹಳೆಯ ಉದಾಹರಣೆ ಇದೇ.

ಆದರೂ ಕಡತಗಳು ಉಳಿದವು. ಇದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಮಠದ ಕಡತಗಳು ನಮ್ಮ ಕಾಲಕ್ಕೂ ಬಂದಿವೆ, ಎ.ಕೆ. ಶಾಸ್ತ್ರಿಯವರು ಅವುಗಳಿಂದ ಆಯ್ದು ಸಂಪಾದಿಸಿದ್ದಾರೆ. ಅಂಗೈಯಿಂದ ಉಜ್ಜಿದರೆ ಹೋಗುವ ಬರಹ ತಲೆಮಾರುಗಳನ್ನು ದಾಟಿದ್ದು ಯೋಚಿಸಬೇಕಾದ ಸಂಗತಿ. ಅಂಟಿನ ಗುಣ, ಬೆಚ್ಚನೆಯ ಕೋಣೆ, ಹಲಗೆಯ ಕಟ್ಟು ಇವೆಲ್ಲ ಕಾರಣಗಳಿರಬಹುದು. ಇವಕ್ಕಿಂತ ಮುಖ್ಯವಾದ ಒಂದು ಕಾರಣವುಂಟು. ಕಡತವನ್ನು ಒರೆಸುವವನು ತಾನು ಒರೆಸುತ್ತಿರುವುದೇನೆಂದು ಕಣ್ಣಾರೆ ನೋಡುತ್ತಿದ್ದ. ಒಂದೊಂದು ಮಡಿಕೆ ಬಿಡಿಸಿ, ಒಂದೊಂದು ಸಾಲು ಉಜ್ಜಬೇಕಿತ್ತು. ತಪ್ಪು ಸಾಲಿಗೆ ಕೈ ಹೋದರೆ ಅರ್ಧಕ್ಕೇ ನಿಲ್ಲಿಸಬಹುದಿತ್ತು. ಒರೆಸುವ ಕೈ ಮತ್ತು ಓದುವ ಕಣ್ಣು ಒಬ್ಬನವೇ ಆಗಿದ್ದವು.

ಶಾನುಭೋಗಿಕೆ ವಂಶಪಾರಂಪರ್ಯವಾಗಿ ನಡೆದುಬಂದ ಕೆಲಸ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಅದನ್ನು ಕೊನೆಗೊಳಿಸಿತು. ಊರಿನ ಲೆಕ್ಕ ಸರ್ಕಾರಿ ಗ್ರಾಮಲೆಕ್ಕಿಗರ ಕೈಗೆ ಬಂತು. ಕಾಗದದ ಪಹಣಿಯಲ್ಲಿ ತಿದ್ದುವುದು ಕಡತದಲ್ಲಿ ಒರೆಸುವುದಕ್ಕಿಂತ ಕಷ್ಟವೇನೂ ಆಗಿರಲಿಲ್ಲ. ಪುಸ್ತಕ ಲೆಕ್ಕಿಗರ ಬಳಿಯೇ ಇರುತ್ತಿದ್ದರಿಂದ ಯಾವ ಹೆಸರು ಯಾವಾಗ ಹೋಯಿತು, ಯಾರು ಹೊಡೆದುಹಾಕಿದರು ಎಂಬುದಕ್ಕೆ ರೈತನ ಬಳಿ ಪುರಾವೆ ಇರುತ್ತಿರಲಿಲ್ಲ.

ಕಂದಾಯ ಇಲಾಖೆಯ ಭೂಮಿ ಯೋಜನೆ ಬಂದದ್ದು ಈ ಹಿನ್ನೆಲೆಯಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಈ ಶತಮಾನದ ಮೊದಲ ಎರಡು ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೇರಿದವು. ಆಗಿನ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ ಆಗ ತರೀಕೆರೆಯ ಭಾಗ. ಲಕ್ಕವಳ್ಳಿಯ ರೈತರಂತೆ ಅಲ್ಲಿನ ರೈತರೂ ತರೀಕೆರೆಗೇ ಹೋಗಿ 15 ರೂಪಾಯಿ ಕೊಟ್ಟು ಪಹಣಿ ಪಡೆಯಬೇಕಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋದಮೇಲೆ ಕಂಪ್ಯೂಟರಿನಲ್ಲಿದ್ದದ್ದೇ ಏಕೈಕ ದಾಖಲೆಯಾಯಿತು. ಅದು ತಪ್ಪಾಗಿ ಅಳಿದರೆ ಅಥವಾ ಬದಲಾದರೆ ರೈತ ಭೂಮಿ ಕಳೆದುಕೊಂಡಂತೆಯೇ.

ಆದ್ದರಿಂದಲೇ ಭೂಮಿಯಲ್ಲಿ ತಿದ್ದುವ ಅಧಿಕಾರವನ್ನು ಒಡೆದು ಹಂಚಿದರು. ಖಾತೆ ಬದಲಾವಣೆಗೆ ಅರ್ಜಿ ಬಂದರೆ ಒಬ್ಬರು ನಮೂದಿಸಬೇಕಿತ್ತು. ಗ್ರಾಮಲೆಕ್ಕಿಗರು ಸಂಬಂಧಪಟ್ಟವರಿಗೆ ನೋಟಿಸು ಕೊಡಬೇಕಿತ್ತು. ತಕರಾರಿಗೆ ಆರಂಭದಲ್ಲಿ 30 ದಿನಗಳ ಅವಧಿ ಇತ್ತು. ಆಮೇಲೆ ರಾಜಸ್ವ ನಿರೀಕ್ಷಕರ ಆದೇಶ. ಕೊನೆಗೆ ತಾಲ್ಲೂಕು ಕಚೇರಿಯಲ್ಲಿ ಇನ್ನೊಬ್ಬ ಅಧಿಕಾರಿಯ ಒಪ್ಪಿಗೆ. ಕಂಪ್ಯೂಟರಿನೊಳಗೆ ಹೋಗಲು ಪಾಸ್‌ವರ್ಡು ಸಾಲದೆಂದು ಬೆರಳಚ್ಚು ಇಟ್ಟರು. ಮಾಡಿದವರು ಆಮೇಲೆ ತಾನಲ್ಲವೆನ್ನಲು ಬರುವಂತಿರಲಿಲ್ಲ. ಈ ವ್ಯವಸ್ಥೆಗೆ ವಿಳಂಬದ ದೂರು ತಪ್ಪಲಿಲ್ಲ, ಅವಧಿಯನ್ನು ಮುಂದೆ ಕಡಿಮೆ ಮಾಡಲಾಯಿತು. ಆದರೆ ನೋಟಿಸು, ಕಾಯುವ ದಿನಗಳು, ಎರಡನೆಯವರ ಒಪ್ಪಿಗೆ ಎಂಬ ಮೂರು ಕಟ್ಟುಗಳು ಯೋಚಿಸಿ ಹಾಕಿದಂಥವು. ಮೊಬೈಲುಗಳನ್ನು ಆಳುವ ತಂತ್ರಾಂಶಗಳು ಈ ಮೂರನ್ನೂ ಕಲಿಯಲು ಮುಂದೆ 20 ವರ್ಷ ತೆಗೆದುಕೊಂಡವು.

ಅದೇ ಹೊತ್ತಿನಲ್ಲಿ ಕಂಪನಿ ಮೊಬೈಲುಗಳ ಲೋಕ ಎದುರು ದಿಕ್ಕಿನಲ್ಲಿ ನಡೆಯುತ್ತಿತ್ತು. ಕೆನಡಾದ ಬ್ಲ್ಯಾಕ್‌ಬೆರಿ ಫೋನುಗಳಿಗೆ ಕಂಪನಿಯ ಸರ್ವರಿನಿಂದಲೇ ಅಳಿಸುವ ಆಜ್ಞೆ ಕಳಿಸಲು ಬರುತ್ತಿತ್ತು. 2004ರಲ್ಲಿ ಈ ಫೋನು ಏರ್‌ಟೆಲ್ ಮೂಲಕ ಭಾರತಕ್ಕೆ ಬಂದಮೇಲೆ ಬೆಂಗಳೂರಿನ ಕಂಪನಿಗಳ ಮೇಲಧಿಕಾರಿಗಳ ಕೈಗೂ ಸೇರಿತು. 2005ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಇಮೇಲ್ ಸರ್ವರಿಗೆ ಇದೇ ಸೌಲಭ್ಯ ಸೇರಿಸಿತು. ಅಲ್ಲಿಂದಾಚೆಗೆ ಕಂಪನಿಯ ಇಮೇಲನ್ನು ಫೋನಿಗೆ ಜೋಡಿಸಿಕೊಳ್ಳುವುದೆಂದರೆ ಆ ಫೋನನ್ನು ಪೂರ್ತಿ ಅಳಿಸುವ ಅಧಿಕಾರವನ್ನೂ ಕಂಪನಿಗೆ ಒಪ್ಪಿಸಿದಂತಾಯಿತು. ಜೋಡಿಸುವಾಗ ಪರದೆಯ ಮೇಲೆ ಬರುವ ಒಪ್ಪಿಗೆಯನ್ನು ಓದಿ ಒತ್ತಿದವರು ಎಷ್ಟು ಮಂದಿಯೋ.

2008ರ ಜುಲೈನಲ್ಲಿ ಐಫೋನಿಗೂ ಈ ಆಜ್ಞೆ ಬಂತು. ಆಗಿನ ಐಫೋನು ಅಳಿಸುತ್ತಿದ್ದ ಕ್ರಮ ಕಡತ ಒರೆಸಿದಂತೆಯೇ ಇತ್ತು: ಮೆಮೊರಿಯ ಉದ್ದಕ್ಕೂ ಹೊಸದನ್ನು ಬರೆಯುತ್ತ ಹಳೆಯದನ್ನು ಮುಚ್ಚುತ್ತ ಹೋಗಬೇಕು. 8 ಜಿಬಿಗೆ ಸುಮಾರು ಒಂದು ಗಂಟೆ ಬೇಕಾಗುತ್ತಿತ್ತು. ಮರುವರ್ಷ ಬಂದ ಐಫೋನ್ 3ಜಿಎಸ್ ಈ ಕ್ರಮವನ್ನೇ ಬದಲಿಸಿತು. ಅದರಲ್ಲಿ ಎಲ್ಲ ಮಾಹಿತಿಯೂ ಮೊದಲೇ ಗೂಢಲಿಪಿಯಲ್ಲಿ ಇರುತ್ತದೆ. ಬಿಡಿಸುವ ಕೀಲಿಯನ್ನು ಮಾತ್ರ ಅಳಿಸಿದರೆ ಉಳಿದದ್ದೆಲ್ಲ ಅರ್ಥವಿಲ್ಲದ ಅಕ್ಷರರಾಶಿ. ಗಂಟೆಗಟ್ಟಲೆಯ ಕೆಲಸ ಕ್ಷಣಕ್ಕೆ ಇಳಿಯಿತು. ಇಂದಿನ ಬಹುತೇಕ ಫೋನುಗಳು ಅಳಿಸುವುದು ಹೀಗೆಯೇ. ಕಳ್ಳನ ವಿರುದ್ಧ ಇದು ದೊಡ್ಡ ಗೆಲುವು. ಕೈತಪ್ಪಿನ ಮಟ್ಟಿಗೆ ಹೇಳುವುದಾದರೆ, ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನಾದರೂ ಎತ್ತಿಕೊಳ್ಳುವ ಕೊನೆಯ ಅವಕಾಶ ಹೋಯಿತು. ಇನ್ನು ಕಾವಲು ಏನಿದ್ದರೂ ಗುಂಡಿ ಒತ್ತುವುದಕ್ಕೆ ಮುಂಚೆಯೇ ಇರಬೇಕಾಯಿತು. ಆಗ ಅಲ್ಲಿ ಇದ್ದದ್ದು ‘ಖಚಿತವೇ?’ ಎಂದು ಕೇಳುವ ಒಂದು ಚೌಕ ಮಾತ್ರ.

2010ರಲ್ಲಿ ಐಫೋನಿನ 4ನೇ ತಂತ್ರಾಂಶ ಆವೃತ್ತಿ ಎಂಡಿಎಂ ವ್ಯವಸ್ಥೆಯನ್ನೂ ಆಂಡ್ರಾಯ್ಡ್ 2.2 ಆಡಳಿತಾಧಿಕಾರದ ಸೌಲಭ್ಯವನ್ನೂ ತಂದವು. ಇದನ್ನು ನಂಬಿ ಬೆಳೆದ ಉದ್ಯಮದಲ್ಲಿ ಬೆಂಗಳೂರಿಗೂ ಪಾಲಿದೆ. 2009ರಲ್ಲಿ ಅಲ್ಲಿ ಆರಂಭವಾದ 42ಗೇರ್ಸ್ ಕಂಪನಿ ಶ್ಯೂರ್‌ಲಾಕ್, ಶ್ಯೂರ್‌ಎಂಡಿಎಂ ಎಂಬ ತಂತ್ರಾಂಶಗಳನ್ನು ಮಾಡಿ ಹಲವು ದೇಶಗಳಿಗೆ ಮಾರುತ್ತದೆ. ಗೋದಾಮಿನ ಸ್ಕ್ಯಾನರು, ಸರಕು ತಲುಪಿಸುವವರ ಫೋನು, ಅಂಗಡಿಯ ಟ್ಯಾಬ್ಲೆಟ್ಟು ಇಂಥವನ್ನು ನೂರಾರು ಸಂಖ್ಯೆಯಲ್ಲಿ ಒಂದೇ ಪರದೆಯಿಂದ ನೋಡಿಕೊಳ್ಳುವ ಕೆಲಸ ಇಂಥ ತಂತ್ರಾಂಶಗಳದು. ನೂರಾರು ಸಾಧನಗಳನ್ನು ಒಟ್ಟಿಗೆ ಆರಿಸಬಹುದಾದ ಪಟ್ಟಿಯಲ್ಲಿ ಒಂದು ತಪ್ಪು ಟಿಕ್ಕು ನೂರಾರು ತಪ್ಪಾಗುತ್ತದೆ.

ತಪ್ಪು ಆಗುವ ಬಗೆಗಳು ಸಾಧಾರಣವಾದವು, ಆದ್ದರಿಂದಲೇ ಅಪಾಯಕಾರಿ. ಕನ್ನಡನಾಡಿನಲ್ಲಿ ಮೊದಲು ಬರುವುದು ಹೆಸರಿನ ಗೊಂದಲ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇದೆ. ತರೀಕೆರೆಯ ಟಿ. ಮಂಜುನಾಥ, ಲಕ್ಕವಳ್ಳಿಯ ಎಲ್. ಮಂಜುನಾಥ ಎಂದು ಊರವರಿಗೆ ಸ್ಪಷ್ಟವಾಗಿರುವುದು, ಹೆಸರು ಮತ್ತು ಉಪನಾಮ ಎಂಬ ಎರಡು ಖಾನೆಗಳಿರುವ ಕಂಪನಿಯ ಪಟ್ಟಿಯಲ್ಲಿ ಕಲಸಿಹೋಗುತ್ತದೆ. ಮೊದಲಕ್ಷರ ಒಮ್ಮೆ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಇಲ್ಲವೇ ಇಲ್ಲ. ಹುಡುಕಿದವರಿಗೆ ನಾಲ್ಕು ಮಂಜುನಾಥರು ಕಾಣುತ್ತಾರೆ. ಹೆಸರು ನೋಡಿ ಅಳಿಸಬಾರದು, ಫೋನಿನ ಸೀರಿಯಲ್ ಸಂಖ್ಯೆ ಅಥವಾ ಐಎಂಇಐ ನೋಡಿ, ಸಾಧ್ಯವಿದ್ದರೆ ಇಟ್ಟುಕೊಂಡವರಿಗೇ ಕರೆಮಾಡಿ ಕೇಳಿ ಅಳಿಸಬೇಕು ಎಂಬ ನಿಯಮ ಈ ಕೆಲಸದಲ್ಲಿರುವವರ ಮೊದಲ ಪಾಠ.

ಎರಡನೆಯದು ಹಳಸಿದ ಪಟ್ಟಿ. ಒಬ್ಬರು ಹಿಂತಿರುಗಿಸಿದ ಫೋನು ಇನ್ನೊಬ್ಬರಿಗೆ ಹೋಗಿರುತ್ತದೆ, ದಾಖಲೆಯಲ್ಲಿ ಮೊದಲಿನವರ ಹೆಸರೇ ಇರುತ್ತದೆ. ಮೊದಲಿನವರು ಕೆಲಸ ಬಿಟ್ಟ ದಿನ ಎರಡನೆಯವರ ಫೋನು ಖಾಲಿ. ಮೂರನೆಯದು ಮನುಷ್ಯರ ಕೈಯೇ ಇಲ್ಲದ ಏರ್ಪಾಡು: ಸಿಬ್ಬಂದಿ ವಿಭಾಗದ ಪಟ್ಟಿಯಲ್ಲಿ ‘ನಿರ್ಗಮನ’ ಎಂದು ಬಿದ್ದ ಕೂಡಲೇ ಫೋನು ತಾನಾಗಿ ಅಳಿಯುವಂತೆ ಜೋಡಿಸಿರುವುದು. ಗುತ್ತಿಗೆಯಿಂದ ಕಾಯಂ ಆದವರಿಗೂ ಹಳೆಯ ನೌಕರ ಸಂಖ್ಯೆಯ ಮೇಲೆ ನಿರ್ಗಮನ ಬೀಳುತ್ತದೆ. ಇಷ್ಟು ದಿನ ಸಂಪರ್ಕಕ್ಕೆ ಸಿಗದ ಫೋನನ್ನು ತಾನಾಗಿ ತೆಗೆದುಹಾಕು ಎಂಬ ನಿಯಮವೂ ಹಾಗೆಯೇ. ಹೆರಿಗೆ ರಜೆಯಲ್ಲಿ ಮಲೆನಾಡಿನ ತವರಿಗೆ ಹೋಗಿ ಕಚೇರಿ ಫೋನನ್ನು ಪೆಟ್ಟಿಗೆಯಲ್ಲಿಟ್ಟವರನ್ನೂ ಫೋನು ಕಳೆದುಕೊಂಡವರನ್ನೂ ಆ ನಿಯಮ ಬೇರೆಮಾಡಲಾರದು. ಮಕ್ಕಳ ಕೈಗೆ ಸಿಕ್ಕ ಫೋನಿನಲ್ಲಿ ತಪ್ಪು ಪಾಸ್‌ವರ್ಡು ಮತ್ತೆ ಮತ್ತೆ ಒತ್ತಿ, ಕಂಪನಿ ಇಟ್ಟ ಮಿತಿ ಮೀರಿ ಅದು ತಾನೇ ಬರಿದಾಗುವುದೂ ಉಂಟು. ಇದಕ್ಕೆ ದೂರದ ಆಜ್ಞೆಯೂ ಬೇಡ.

ಹೊರಗಿನ ಮೂರು ಘಟನೆಗಳು ಈ ಅಪಾಯವನ್ನು ಜಗತ್ತಿಗೆ ಕಾಣಿಸಿದವು. 2012ರ ಆಗಸ್ಟ್‌ನಲ್ಲಿ ಅಮೆರಿಕದ ಪತ್ರಕರ್ತ ಮ್ಯಾಟ್ ಹೋನನ್ ಅವರ ಖಾತೆಗೆ ನುಗ್ಗಿದವರು ಅವರ ಫೋನು, ಟ್ಯಾಬ್ಲೆಟ್ಟು, ಲ್ಯಾಪ್‌ಟಾಪುಗಳನ್ನು ದೂರದಿಂದ ಅಳಿಸಿದರು. ಅವುಗಳಲ್ಲಿ ಪುಟ್ಟ ಮಗಳ ಫೋಟೋಗಳಿದ್ದವು. ಬೇರೆಡೆ ನಕಲು ಇರಲಿಲ್ಲ. 2014ರ ಮೇ 14ರಂದು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7 ಹೊಸದಾಗಿ ಸ್ಥಾಪಿಸುವ ಆಜ್ಞೆ ಕೈತಪ್ಪಿ ಎಲ್ಲ ವಿಂಡೋಸ್ ಕಂಪ್ಯೂಟರುಗಳಿಗೂ ಹೋಯಿತು. ತಪ್ಪು ಗೊತ್ತಾಗಿ ನಿಲ್ಲಿಸಹೋದಾಗ ಆಜ್ಞೆ ಕಳಿಸಿದ ಸರ್ವರೇ ತನ್ನ ಆಜ್ಞೆಗೆ ತಾನು ಬಲಿಯಾಗಿತ್ತು. ಅಳಿಸುವ ಸರ್ವರನ್ನೇ ಅಳಿಸುವವುಗಳ ಪಟ್ಟಿಯಿಂದ ಹೊರಗಿಡಬೇಕೆಂಬುದು ಅಂದು ಅನೇಕರು ಕಲಿತ ಪಾಠ. 2024ರ ಆಗಸ್ಟ್ 4ರಂದು ಸಿಂಗಪುರದ ಶಾಲೆಗಳು ಬಳಸುತ್ತಿದ್ದ ಮೊಬೈಲ್ ಗಾರ್ಡಿಯನ್ ಎಂಬ ಎಂಡಿಎಂಗೆ ಅತಿಕ್ರಮವಾಗಿ ನುಗ್ಗಿದವರು 26 ಪ್ರೌಢಶಾಲೆಗಳ ಸುಮಾರು 13,000 ವಿದ್ಯಾರ್ಥಿಗಳ ಸಾಧನಗಳನ್ನು ಅಳಿಸಿದರು. ಮೊದಲ ಮತ್ತು ಮೂರನೆಯದರಲ್ಲಿ ಕೈತಪ್ಪಿಲ್ಲ, ದುರುದ್ದೇಶವಿದೆ. ಆದರೂ ಅವು ಈ ಚರಿತ್ರೆಗೆ ಸೇರುತ್ತವೆ. ಒಬ್ಬರ ಖಾತೆ ಸಾಕು ಎಂಬ ಏರ್ಪಾಡಿನಲ್ಲಿ, ಆ ಖಾತೆಯ ಹಿಂದೆ ದಣಿದ ನೌಕರನಿದ್ದಾನೋ ಕಳ್ಳನಿದ್ದಾನೋ ಎಂದು ಫೋನಿಗೆ ತಿಳಿಯದು.

ಪರಿಹಾರದ ಮೊದಲ ಹೆಜ್ಜೆ ಫೋನಿನೊಳಗೇ ಗೋಡೆ ಕಟ್ಟಿದ್ದು. 2013ರಲ್ಲಿ ಸ್ಯಾಮ್‌ಸಂಗ್ ನಾಕ್ಸ್ ಎಂಬ ಹೆಸರಿನಲ್ಲಿ ಕಚೇರಿಯ ಭಾಗವನ್ನು ಪ್ರತ್ಯೇಕಿಸಿತು. 2015ರಲ್ಲಿ ಗೂಗಲ್ ಆಂಡ್ರಾಯ್ಡ್‌ಗೆ ವರ್ಕ್ ಪ್ರೊಫೈಲ್ ತಂದಿತು. ಕಚೇರಿಯ ಆ್ಯಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸಿನ ಚಿತ್ರ ಕಾಣುತ್ತದಲ್ಲ, ಅದೇ. ನೌಕರರ ಸ್ವಂತ ಫೋನಾದರೆ ಕಂಪನಿ ಆ ಭಾಗವನ್ನಷ್ಟೇ ಅಳಿಸಬಲ್ಲದು. ಮದುವೆಯ ಫೋಟೋಗೆ ಅದರ ಕೈ ಎಟುಕದು. 2019ರಲ್ಲಿ ಆಪಲ್ ಕೂಡ ಐಫೋನಿನ ತಂತ್ರಾಂಶವಾದ ಐಒಎಸ್‌ನ 13ನೇ ಆವೃತ್ತಿಯಲ್ಲಿ ಸ್ವಂತ ಫೋನುಗಳಿಗೆಂದೇ ಒಂದು ಬಗೆಯ ನೋಂದಣಿ ತಂದು, ಅದರಡಿ ಪೂರ್ತಿ ಫೋನು ಅಳಿಸುವ ಅಧಿಕಾರವನ್ನೇ ಕಂಪನಿಗೆ ಕೊಡಲಿಲ್ಲ. ಈ ಚರಿತ್ರೆಯಲ್ಲಿ ನೌಕರನ ಪರವಾಗಿ ಆದ ದೊಡ್ಡ ಬದಲಾವಣೆ ಇದೇ ಎನ್ನಬೇಕು. ಇರದ ಅಧಿಕಾರ ಕೈತಪ್ಪುವಂತಿಲ್ಲ.

ಕಂಪನಿಯೇ ಕೊಟ್ಟ ಫೋನುಗಳಿಗೆ ಈ ಗೋಡೆ ಅಷ್ಟು ಒದಗುವುದಿಲ್ಲ. ಅಲ್ಲಿ ಹಂತಗಳನ್ನು ಇಡುವುದೇ ದಾರಿಯಾಯಿತು. ಫೋನು ಕಾಣೆ ಎಂದ ಕೂಡಲೇ ಅಳಿಸದೆ ಮೊದಲು ಬೀಗ ಹಾಕುವುದು. 2016ರಲ್ಲಿ ಐಒಎಸ್ 9.3 ತಂದ ಲಾಸ್ಟ್ ಮೋಡ್‌ನಂಥದ್ದನ್ನು ಬಳಸಿ ಪರದೆಯ ಮೇಲೆ ಕರೆಮಾಡಬೇಕಾದ ಸಂಖ್ಯೆ ತೋರಿಸಿ, ಎಲ್ಲಿದೆಯೆಂದು ಹುಡುಕುವುದು. ಅದೂ ಆಗದಿದ್ದರೆ ಮಾತ್ರ ಅಳಿಸುವುದು. ಕಾಣೆಯಾಯಿತೆಂದ ಫೋನು ಸೋಫಾದ ಸಂದಿಯಲ್ಲೋ ಬಸ್ಸಿನ ಸೀಟಿನ ಕೆಳಗೋ ಸಿಗುವುದು ಅಪರೂಪವಲ್ಲ. ಸಹಾಯವಾಣಿಯಲ್ಲಿ ಕೂತವರಿಗೆ ಬೀಗ ಹಾಕುವ ಅಧಿಕಾರ ಸಾಕು, ಅಳಿಸುವ ಅಧಿಕಾರ ಬೇಡ ಎಂದು ಹುದ್ದೆವಾರು ಹಂಚಿದರು. ಕಚೇರಿ ಮಾಹಿತಿಯನ್ನಷ್ಟೇ ತೆಗೆಯುವ ‘ರಿಟೈರ್’ ಮತ್ತು ಎಲ್ಲವನ್ನೂ ತೆಗೆಯುವ ‘ವೈಪ್’ ಅನೇಕ ಪರದೆಗಳಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಎರಡರ ಅಂತರವನ್ನು ಹೊಸಬರಿಗೆ ಕಲಿಸುವುದು ತರಬೇತಿಯ ಭಾಗವಾಯಿತು. ಇತ್ತೀಚಿನ ವರ್ಷಗಳಲ್ಲಿ ಮೈಕ್ರೋಸಾಫ್ಟ್‌ನ ಇಂಟ್ಯೂನ್ ಎಂಬ ಎಂಡಿಎಂ, ಒಬ್ಬ ಆಡಳಿತಗಾರ ಕೋರಿದ್ದನ್ನು ಇನ್ನೊಬ್ಬ ಒಪ್ಪಿದರೆ ಮಾತ್ರ ಮುಂದುವರಿಯುವ ವ್ಯವಸ್ಥೆಯನ್ನು ತಂದು ಅದನ್ನು ವೈಪ್ ಆಜ್ಞೆಗೂ ವಿಸ್ತರಿಸಿದೆ. ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಲು ಎರಡು ಬೆರಳಚ್ಚು ಬೇಕಾಗಿದ್ದ ಕಾಲಕ್ಕೂ ಇದಕ್ಕೂ ಎರಡು ದಶಕಗಳ ಅಂತರ.

2020ರ ಮಾರ್ಚ್ 25ರ ಲಾಕ್‌ಡೌನ್ ಈ ಎಚ್ಚರಗಳನ್ನು ಬೇರೆ ಬಗೆಯಲ್ಲಿ ಪರೀಕ್ಷಿಸಿತು. ಬೆಂಗಳೂರಿನ ಕಂಪನಿಗಳ ನೌಕರರು ಫೋನು, ಲ್ಯಾಪ್‌ಟಾಪುಗಳೊಂದಿಗೆ ಊರು ಸೇರಿದರು. ಅಲ್ಲಿಯವರೆಗೆ ತಪ್ಪಾಗಿ ಅಳಿದ ಫೋನನ್ನು ಮೇಲಿನ ಮಹಡಿಗೆ ಒಯ್ದು ಮಧ್ಯಾಹ್ನದೊಳಗೆ ಸರಿಮಾಡಿಸಿಕೊಳ್ಳಬಹುದಿತ್ತು. ಈಗ ಅದೇ ಫೋನು ಮಲೆನಾಡಿನ ಮನೆಯ ಜಗುಲಿಯಲ್ಲಿ, ಸಂಪರ್ಕ ಸರಿಯಿಲ್ಲದ ಕಡೆ ಇತ್ತು; ಮತ್ತೆ ಸ್ಥಾಪಿಸಲು ಬೇಕಾದ ಲಾಗಿನ್ ಸಂಕೇತ ಬರಬೇಕಾದದ್ದೂ ಅದೇ ಫೋನಿಗೆ. ತಪ್ಪಿನ ಬೆಲೆ ದೂರದೊಂದಿಗೆ ಏರಿತು.

ಕಂಪನಿಯ ಹೊರಗೂ ಈ ಪ್ರಶ್ನೆ ಇದೆ. ಲಕ್ಕವಳ್ಳಿ ವಲಯ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು; 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಅದು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಗಸ್ತಿಗೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಎಂ-ಸ್ಟ್ರೈಪ್ಸ್ ವ್ಯವಸ್ಥೆ ಬಳಕೆಯಲ್ಲಿದೆ. 2018ರ ಹುಲಿ ಗಣತಿಯಲ್ಲಿ ನಡಿಗೆಯ ದಾರಿ, ಹೆಜ್ಜೆ ಗುರುತು, ಹಿಕ್ಕೆಗಳ ವಿವರ, ಫೋಟೋಗಳನ್ನು ಅದರ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿದರು. ಕಾಡಿನೊಳಗೆ ಸಿಗ್ನಲ್ ಇಲ್ಲದ್ದರಿಂದ ದಾಖಲೆ ಫೋನಿನಲ್ಲೇ ಉಳಿದು, ಹೊರಗೆ ಬಂದಮೇಲೆ ಸರ್ವರಿಗೆ ಏರುತ್ತದೆ. ಏರುವವರೆಗೆ ಆ ನಡಿಗೆಗೆ ಇರುವುದು ಒಂದೇ ಪ್ರತಿ. ಇಂಥ ಫೋನನ್ನು ಅಳಿಸಿ ಇನ್ನೊಬ್ಬರಿಗೆ ಕೊಡುವ ಮುನ್ನ ಬಾಕಿ ಮಾಹಿತಿ ಮೇಲೇರಿತೇ ಎಂದು ಆ್ಯಪ್ ತೆರೆದು ನೋಡುವುದಕ್ಕೆ ಬದಲಿ ಇಲ್ಲ. ಬ್ಯಾಕಪ್ ಇದ್ದರೆ ಸಾಕು ಎನ್ನುವವರು ಬ್ಯಾಕಪ್ಪಿಗೂ ಸಿಗ್ನಲ್ ಬೇಕೆಂಬುದನ್ನು ನೆನಪಿಡಬೇಕಾಗುತ್ತದೆ.

ಕಾನೂನಿನಲ್ಲಿ ಈ ವಿಷಯ ತಡವಾಗಿ ಹೆಸರು ಪಡೆಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿನ ಮಾಹಿತಿ ಅಳಿಸಿದವರಿಂದ ಪರಿಹಾರ ಕೊಡಿಸುತ್ತದೆ. ಕಂಪನಿಯೇ ಮಾಲೀಕನಾದ ಫೋನಿನಲ್ಲಿ ಕಂಪನಿಯೇ ತಪ್ಪಿ ಅಳಿಸಿದರೆ ನೌಕರನಿಗೆ ಅದರಿಂದ ಹೆಚ್ಚಿನ ಆಸರೆ ಸಿಗುವುದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದತ್ತಾಂಶ ಉಲ್ಲಂಘನೆ ಎಂಬ ಮಾತಿಗೆ ಕೊಟ್ಟ ಅರ್ಥದಲ್ಲಿ ಸೋರಿಕೆಯ ಜೊತೆಗೆ ಆಕಸ್ಮಿಕ ನಾಶವನ್ನೂ ದತ್ತಾಂಶ ಕೈಗೆ ಸಿಗದಂತಾಗುವುದನ್ನೂ ಸೇರಿಸಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಕಾಶ ಕೊಡಲಾಗಿದೆ.